ಸೂಜಿ ದಾಟದ ಹೊಸ್ತಿಲು

ಓಡುವ ನಾಯಿಯನ್ನು ಗಿರಾಕಿಗೆ ತೋರಿಸುವ ಮೊದಲು ಎರಡು ದಿನ ಕತ್ತಲಲ್ಲಿ ಕೂಡಿ ಹಾಕುವುದು ನಮ್ಮ ಮನೆಯ ಪದ್ಧತಿಯಾಗಿತ್ತು. ನಮ್ಮಪ್ಪ ಹಾಗೇ ಮಾಡುತ್ತಿದ್ದ, ಅವನ ನಂತರ ನಾನೂ ಹಾಗೇ ಮಾಡುತ್ತಿದ್ದೆ. ನೀರು ಇಡುತ್ತಿದ್ದೆವು, ಕೂಳು ಇಡುತ್ತಿರಲಿಲ್ಲ. ಮೊದಲು ನಾಯಿ ಬಾಗಿಲು ಕೆರೆಯುತ್ತದೆ, ಊಳಿಡುತ್ತದೆ. ಬರಬರುತ್ತ ಕೆರೆಯುವುದು ಕಡಿಮೆಯಾಗುತ್ತದೆ. ಆಮೇಲೆ ಸದ್ದು ನಿಲ್ಲುತ್ತದೆ. ಸದ್ದು ನಿಂತಿತೆಂದರೆ ನಾಯಿ ತಯಾರಾಯಿತು ಅಂತ ನಮ್ಮ ಲೆಕ್ಕ. ಆಗ ಬಾಗಿಲು ತೆಗೆದು ಬಿಸಿಲಿಗೆ ಬಿಟ್ಟು, ಮೋಟರ್ ಸೈಕಲ್ಲಿನ ಹಿಂದೆ ಆಡಿನ ತೊಗಲು ಕಟ್ಟಿ ಎಳೆದರೆ ಅದು ನೆಲ ಮುಟ್ಟದ ಹಾಗೆ ಓಡುತ್ತದೆ. ಅದನ್ನು ನೋಡಿದ ಗಿರಾಕಿ ಎರಡನೆಯ ಮಾತು ಆಡುವುದಿಲ್ಲ.

ನಾನು ಐದನೆಯ ಇಯತ್ತೆಗೆ ಸಾಲಿ ಬಿಟ್ಟವನು. ಬರೆಯುವ ರೂಢಿ ಇಲ್ಲ. ಆದರೂ ಒಂದು ನಾಯಿಯ ವಿಷಯ, ನನ್ನ ತಂಗಿಯ ವಿಷಯ ಬರೆಯಲು ಕೂತಿದ್ದೇನೆ. ಬಾಯಿಬಿಟ್ಟು ಹೇಳಬೇಕಾದ ಹೊತ್ತಿಗೆ ನಾನು ಹೇಳಲಿಲ್ಲ, ಅದಕ್ಕೆ.

ನಮ್ಮ ಊರು ಮುಧೋಳದಿಂದ ಲೋಕಾಪುರಕ್ಕೆ ಹೋಗುವ ದಾರಿಯ ಒಳಗಡೆ ಇದೆ. ಮನೆಯಲ್ಲಿ ಆಗ ಅವ್ವ, ತಂಗಿ, ನಾನು, ಮತ್ತು ಮುಧೋಳದ ತಳಿಯ ಏಳೆಂಟು ನಾಯಿ. ಹೊಲದ ಕೆಲಸದ ಜತೆಗೆ ಮರಿ ಮಾಡಿಸಿ ಬೆಳೆಸಿ ಮಾರುವುದು ನನ್ನ ಕಸುಬು. ಅಣೆಕಟ್ಟಿನ ಹಿನ್ನೀರು ಬಂದು ಬೀಳಗಿ ಕಡೆಯ ಊರುಗಳು ಎದ್ದು ಹೋದ ಮೇಲೆ, ಹೊಸ ಪ್ಲಾಟಿನಲ್ಲಿ ಮನೆ ಕಟ್ಟಿದವರೂ ಕಾವಲಿಗೆ ಅಂತ ನಾಯಿ ಒಯ್ಯುತ್ತಿದ್ದರು. ಆ ಮುಳುಗಡೆ ಊರುಗಳ ತೊಲೆ, ಬಾಗಿಲು ಅಗ್ಗಕ್ಕೆ ಸಿಗುತ್ತಿದ್ದವು. ನಾನೂ ಒಂದು ಸಾಗವಾನಿ ಬಾಗಿಲು ತಂದು ಮೇವಿನ ಖೋಲಿಗೆ ಕೂಡಿಸಿದ್ದೆ. ಯಾರದೋ ಮನೆಯ ತಲಬಾಗಿಲು ಅದು. ಮುಚ್ಚಿದರೆ ಸೂಜಿಮೊನೆಯಷ್ಟೂ ಬೆಳಕು ಒಳಗೆ ಬರುತ್ತಿರಲಿಲ್ಲ. ನಾಯಿಗಳನ್ನು ಕತ್ತಲಿಗೆ ಹಾಕುವುದು ಅಲ್ಲಿಯೇ.

ಸೂಜಿ ಎನ್ನುವುದು ತಂಗಿಯ ನಾಯಿ. ಒಂದೇ ಬಣ್ಣದ ಬಿಳಿ ಹೆಣ್ಣು. ಮೂತಿ ಬಹಳ ಸಣ್ಣಗಿದ್ದದ್ದಕ್ಕೆ ಆ ಹೆಸರು. ಅದು ಹುಟ್ಟಿದಾಗ ತಾಯಿ ಅದನ್ನು ಹತ್ತಿರ ಸೇರಿಸಲಿಲ್ಲ. ತಂಗಿ ಅರಳೆಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಅದ್ದಿ ಕುಡಿಸಿ ಉಳಿಸಿದಳು. ಉಳಿಸಿದ ಮೇಲೆ ಬೆಳೆಸಿದ್ದೂ ತನ್ನ ರೀತಿಯಲ್ಲೇ. ಕೊರಳಿಗೆ ಹಗ್ಗ ಹಾಕಲಿಲ್ಲ. ಮಲಗಲು ಬೇವಿನ ಬುಡದಲ್ಲಿ ಒಂದು ಗೋಣಿ, ಪಡಸಾಲೆಯಲ್ಲಿ ಒಂದು ಗೋಣಿ ಹಾಸಿಡುತ್ತಿದ್ದಳು. ಬೇಕಾದಲ್ಲಿ ಅದು ಮಲಗುತ್ತಿತ್ತು. ಸಂಜೆ ತಿರುಗಲು ಹೊರಟರೆ ಊರ ಮುಂದೆ ಹಾದಿ ಒಡೆಯುವ ಕಡೆ ತಂಗಿ ನಿಂತುಬಿಡುತ್ತಿದ್ದಳು. ಒಂದು ಹಾದಿ ಹೊಳೆಗೆ, ಒಂದು ಕಾಲುವೆಗೆ. ಸೂಜಿ ಮೂಗು ಎತ್ತಿ ಗಾಳಿ ನೋಡಿ ಯಾವ ಕಡೆ ತಿರುಗಿತೋ ಆ ಕಡೆ ಇವಳು ಹಿಂದೆ.

ನಮ್ಮ ನಾಯಿಗಳ ಉಣ್ಣಿ ತೆಗೆಯಬೇಕಾದರೆ ನಾನು ಕೊರಳನ್ನು ಮೊಣಕಾಲಡಿ ಒತ್ತಿ ಹಿಡಿದು ಕೀಳುತ್ತಿದ್ದೆ. ತಂಗಿ ಬಟ್ಟಲಿನಲ್ಲಿ ಬೇವಿನೆಣ್ಣೆ ಇಟ್ಟುಕೊಂಡು ಸುಮ್ಮನೆ ಕೂಡುತ್ತಿದ್ದಳು. ಸೂಜಿ ಬಂದು ತೊಡೆಯ ಮೇಲೆ ತಲೆ ಇಟ್ಟರೆ ಒಂದೆರಡು ತೆಗೆಯುತ್ತಿದ್ದಳು. ಎದ್ದು ಹೋದರೆ ಬಿಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅದು ತಾನೇ ತಿರುಗಿ ಬಂದು ಇನ್ನೊಂದು ಕಿವಿ ಕೊಡುತ್ತಿತ್ತು. ನಾನು ಇದನ್ನೆಲ್ಲ ನೋಡುತ್ತಿದ್ದೆ. ನಗುತ್ತಿದ್ದೆ.

ಅವ್ವ ಒಮ್ಮೆ ಅಂದಳು, "ನಾಯಿಗಿ ಕೇಳಿ ಕೇಳಿ ಕೆಲಸಾ ಮಾಡ್ತಾಳ ಇಕಿ. ನಾಳೆ ಗಂಡಗ ಹಿಂಗ ಕೇಳಕೋತ ಕುಂಡರಬ್ಯಾಡ ಬೇ."

"ಅವ ನನ್ನ ಕೇಳಿದ್ರ ನಾನೂ ಕೇಳತೇನಿ," ಅಂದಳು ತಂಗಿ.

ಹನ್ನೆರಡನೆಯ ಇಯತ್ತೆ ಮುಗಿದ ಮೇಲೆ ಅವಳಿಗೆ ಜಮಖಂಡಿಯಲ್ಲಿ ನರ್ಸ್ ತರಬೇತಿಗೆ ಸೀಟು ಸಿಕ್ಕಿತು. ನಮ್ಮ ಮನೆತನದಲ್ಲಿ ಅಷ್ಟು ಓದಿದವರು ಯಾರೂ ಇಲ್ಲ. ಹಾಸ್ಟೆಲಿನಲ್ಲಿ ನಾಯಿ ಇಡಲು ಬರುವುದಿಲ್ಲ. ಹೊರಡುವ ದಿನ ಬಸ್ ಬರುವವರೆಗೆ ಸೂಜಿಯ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಅಣ್ಣಾ, ಇಕಿನ್ನ ಖೋಲಿಗಿ ಮಾತ್ರ ಹಾಕಬ್ಯಾಡ. ಮುಚ್ಚಿದ ಬಾಗಲಾ ಅಂದ್ರ ಏನಂತ ಇಕಿಗಿ ಗೊತ್ತಿಲ್ಲ."

"ನಾ ಯಾಕ ಹಾಕ್ಲಿ, ಹೋಗ ನೀ," ಅಂದೆ.

ಅವಳು ಹೋದ ಮೇಲೆ ಸೂಜಿ ಕೆಲವು ದಿನ ಬಸ್ಸಿನ ಹೊತ್ತಿಗೆ ಹೋಗಿ ದಾರಿಯಲ್ಲಿ ಕೂಡುತ್ತಿತ್ತು. ಆಮೇಲೆ ಬಿಟ್ಟಿತು. ಉಣ್ಣುತ್ತಿತ್ತು, ತಿರುಗುತ್ತಿತ್ತು, ಚೆನ್ನಾಗಿಯೇ ಇತ್ತು. ಈ ಮಾತನ್ನು ಇಲ್ಲಿ ಸ್ಪಷ್ಟ ಬರೆಯುತ್ತೇನೆ. ಚೆನ್ನಾಗಿಯೇ ಇತ್ತು.

ಚಿಮ್ಮಡ ಕಡೆಯ ಒಬ್ಬ ಕಬ್ಬಿನ ಜಮೀನುದಾರ ನನ್ನಲ್ಲಿ ಒಂದು ಗಂಡು ನೋಡಲು ಬಂದಿದ್ದ. ಬೇವಿನ ಬುಡದಲ್ಲಿ ಮಲಗಿದ್ದ ಸೂಜಿಯ ಮೇಲೆ ಅವನ ಕಣ್ಣು ಬಿತ್ತು. "ಆ ಬಿಳೇದು ಓಡಿಸಿ ತೋರಸ್ರಿ. ಜೋಡಿ ಒಯ್ಯತೇನಿ," ಅಂದ. ಅದು ನಮ್ಮ ತಂಗಿಯದು ಅಂತ ಹೇಳಲು ನನ್ನ ಬಾಯಿಗೆ ಏನೂ ಆಗಿರಲಿಲ್ಲ. ಮುಂದಿನ ವಾರ ಬರ್ರಿ ಅಂದೆ.

ತೊಂದರೆ ಏನೆಂದರೆ ಸೂಜಿ ಮನಸ್ಸು ಬಂದರೆ ಓಡುತ್ತಿತ್ತು. ಬಾರದಿದ್ದರೆ ಹೊಲದ ನಡುವೆ ನಿಂತು ಇರುವೆ ನೋಡುತ್ತಿತ್ತು. ಅಂಥದ್ದನ್ನು ಗಿರಾಕಿ ಮುಂದೆ ಬಿಟ್ಟರೆ ನನ್ನ ಕಸುಬಿನ ಮಾನ ಹೋಗುತ್ತದೆ ಅಂತ ನನ್ನ ಯೋಚನೆ. ಅವನು ಬರುವುದಕ್ಕೆ ಎರಡು ದಿನ ಮುಂಚೆ ಸೂಜಿಯನ್ನು ಕರೆದೆ. ಮೇವಿನ ಖೋಲಿಯೊಳಗೆ ಅದು ತಾನಾಗಿಯೇ ನನ್ನ ಹಿಂದೆ ಬಂತು. ಬಾಲ ಆಡಿಸುತ್ತ ಬಂತು. ನಾನು ಹೊರಗೆ ಬಂದು ಅಗಳಿ ಹಾಕಿದೆ.

ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೆರೆಯುವ ಸದ್ದು ಕೇಳಿ ತಲೆ ಎತ್ತಿದಳು. "ಹುಡುಗಿ ಬ್ಯಾಡಂದಿದ್ಲಲ್ಲೋ."

"ಹುಡುಗಿ ಜಮಖಂಡ್ಯಾಗ ಅದಾಳ," ಅಂದೆ. ಅವ್ವ ಮತ್ತೆ ಮೊರ ಹಿಡಿದಳು.

ಹೇಳಿದ ದಿನ ಗಿರಾಕಿ ಬರಲಿಲ್ಲ. ನಮ್ಮ ಓಣಿಯ ಕಿರಾಣಿ ಅಂಗಡಿಗೆ ಫೋನ್ ಮಾಡಿ, ಟ್ರ್ಯಾಕ್ಟರ್ ಕೆಟ್ಟಿದೆ, ಎರಡು ದಿನ ತಡೀರಿ ಅಂತ ಹೇಳಿಸಿದ. ಬಿಟ್ಟು ಮತ್ತೆ ಹಾಕಿದರೆ ಕೆಟ್ಟುಹೋಗುತ್ತದೆ ಎಂಬುದು ನಮ್ಮಪ್ಪನ ಮಾತು. ಹಾಗಾಗಿ ಬಿಡಲಿಲ್ಲ. ಬಾಗಿಲನ್ನು ಒಂದಿಷ್ಟೇ ತೆಗೆದು ನೀರಿನ ಬಟ್ಟಲು ಒಳಗೆ ಸರಿಸುತ್ತಿದ್ದೆ. ಬೇರೆ ನಾಯಿಗಳಿಗಿಂತ ಇದು ಬಹಳ ಕೆರೆಯಿತು. ಆಮೇಲೆ ಒಂದು ಬೆಳಗ್ಗೆ ಸದ್ದು ನಿಂತಿತು. ನಾನು ಬಾಗಿಲಿಗೆ ಕಿವಿ ಹಚ್ಚಿ ಕೇಳಿದೆ. ಏನೂ ಇಲ್ಲ. ಛಲೋ ತಯಾರಾಗ್ಯಾಳ ಅಂದುಕೊಂಡೆ. ನನಗೆ ಕಲಿಸಿದ್ದು ಅಷ್ಟೇ. ಕಲಿಸಿದ್ದನ್ನು ಬಿಟ್ಟು ಬೇರೆ ಏನಾದರೂ ಇರಬಹುದು ಎಂಬುದು ಎರಡು ವರ್ಷ ಕಣ್ಣ ಮುಂದೆಯೇ ಇದ್ದರೂ ನೋಡಲಿಲ್ಲ.

ಜಮೀನುದಾರ ಬಂದ. ತೊಗಲು ಕಟ್ಟಿ ಗಾಡಿ ತಯಾರು ಮಾಡಿ, ಬಾಗಿಲು ತೆಗೆದೆ. ಬಿಸಿಲು ಒಳಗೆ ಬಿತ್ತು. ಸೂಜಿ ಬರಲಿಲ್ಲ. ಕರೆದೆ. ಬರಲಿಲ್ಲ. ಗಿರಾಕಿ ನಿಂತಿದ್ದಾನೆ, ನನಗೆ ಮುಖ ಉರಿಯಹತ್ತಿತು. ಒಳಗೆ ಹೋಗಿ ಕೊರಳ ಚರ್ಮ ಹಿಡಿದು ಹೊಸ್ತಿಲ ಮೇಲೆ ಎಳೆದುಕೊಂಡು ಬಂದೆ. ಹೊಸ್ತಿಲ ಮೇಲೆಯೇ ಅದು ಉಚ್ಚೆ ಹೊಯ್ದುಕೊಂಡಿತು. ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಮುಂಗಾಲಿನ ಉಗುರು ಕಿತ್ತು ರಕ್ತ ಒಣಗಿತ್ತು. ಕೈಬಿಟ್ಟ ಕೂಡಲೇ ಹೊಟ್ಟೆಯ ಮೇಲೆ ತೆವಳುತ್ತ ಹಿಂದಕ್ಕೆ ಹೋಗಿ ಮೂಲೆಯ ಮೇವಿನಲ್ಲಿ ಮೂತಿ ಹುಗಿಯಿತು.

"ಇದಕ್ಕ ಏನೋ ಬ್ಯಾನಿ ಐತ್ರಿ. ಗಂಡೂ ಬ್ಯಾಡ ಬಿಡ್ರಿ," ಅಂದು ಅವನು ಹೋದ.

ಅಂದಿನಿಂದ ಬಾಗಿಲು ತೆರೆದೇ ಇಟ್ಟೆ. ಸೂಜಿ ಹೊರಗೆ ಬರಲಿಲ್ಲ, ಕೂಳು ಮುಟ್ಟಲಿಲ್ಲ. ಮಜ್ಜಿಗೆಯಲ್ಲಿ ರೊಟ್ಟಿ ನೆನೆಸಿ ಇಟ್ಟೆ, ತತ್ತಿ ಒಡೆದು ಇಟ್ಟೆ. ಬಾಯಿ ಬಿಡಿಸಿ ಹಾಲು ಹೊಯ್ದೆ, ಅದು ಕಟವಾಯಿಯಿಂದ ಹೊರಗೆ ಹರಿಯಿತು. ದನದ ದವಾಖಾನೆಯ ಡಾಕ್ಟರರನ್ನು ಕರೆತಂದೆ. ಜ್ವರ ನೋಡಿದರು, ಹೊಟ್ಟೆ ಒತ್ತಿ ನೋಡಿದರು. "ರೋಗ ಏನಿಲ್ಲ. ಅಂಜೇತಿ ಇದು. ಏನ್ ಮಾಡಿದ್ರಿ?" ಅಂತ ಕೇಳಿದರು. ಸಿಡಿಲು ಹೊಡೆದಿತ್ರಿ ಅಂದೆ. ಅವರು ನನ್ನ ಮುಖ ನೋಡಿ ಸೂಜಿಮದ್ದು ಕೊಟ್ಟು ಹೋದರು.

ಆ ವಾರ ತಂಗಿ ಕಿರಾಣಿ ಅಂಗಡಿಗೆ ಫೋನ್ ಮಾಡಿದಳು. ಮೊದಲು ಕೇಳಿದ್ದೇ ಸೂಜಿಯನ್ನು.

"ಉಣ್ಣಾಕ ಒಲ್ಲಳವಾ," ಅಂದೆ.

"ಯಾವಾಗಿಂದ?"

ಅಂಗಡಿಯವನು ನನ್ನ ಮುಖವನ್ನೇ ನೋಡುತ್ತಿದ್ದ. "ನೀ ಹ್ವಾದಾಗಿಂದ," ಅಂದೆ.

ಆ ಎರಡು ಶಬ್ದದ ಬದಲು ಬೇರೆ ಏನಾದರೂ ಬರಬಹುದಿತ್ತು. ಅದೇ ಬಂತು. ಅವಳು ಮರುದಿನವೇ ರಜೆ ಹಾಕಿ ಬಂದಳು.

ಬಂದವಳು ಚೀಲ ಇಳಿಸದೆ ಖೋಲಿಯ ಹತ್ತಿರ ಹೋದಳು. ಸೂಜಿ ಎದ್ದು ಬರಲಿಲ್ಲ. ಬಾಲದ ತುದಿ ಮಾತ್ರ ಮೇವಿನಲ್ಲಿ ಒಂದು ಸಲ ಆಡಿತು. ತಂಗಿ ಉಗುರು ನೋಡಿದಳು.

"ಇದೇನಣ್ಣಾ?"

"ದಾರ್ಯಾಗ ಕಲ್ಲ ಕೆದರಿಕೊಂಡಾಳ. ನಿನ್ನ ಹುಡುಕ್ಕೋತ ಹೋಗಿ."

ಇದನ್ನು ನಾನೇ ಹೇಳಿದ್ದು.

ಅವಳು ಕೆಲಸಕ್ಕೆ ಹತ್ತಿದಳು. ಮೊದಲು ಬಾಗಿಲನ್ನೇ ಕಿತ್ತುಹಾಕು ಅಂದಳು. ಕೀಲು ಬಿಚ್ಚಿ, ಬಾಗಿಲು ಹೊತ್ತು ತಂದು ಅಂಗಳದಲ್ಲಿ ಹಾಕಿದೆ. ಒಳಗಿನ ಮಗ್ಗಲಲ್ಲಿ, ಕೆಳಗಿನ ಹಲಗೆಯ ಮೇಲೆ, ಗೀರುಗಳು ಇದ್ದವು. ಆ ಮಗ್ಗಲನ್ನು ನೆಲಕ್ಕೆ ಮಾಡಿ ಹಾಕಿದೆ.

ಕೂಳನ್ನು ಅವಳು ಒಂದೇ ಕಡೆ ಇಡಲಿಲ್ಲ. ಒಂದು ಬಟ್ಟಲು ಮೂಲೆಯಲ್ಲಿ, ಒಂದು ಖೋಲಿಯ ನಡುವೆ, ಒಂದು ಹೊಸ್ತಿಲ ಹತ್ತಿರ. ಇಟ್ಟು ದೂರ ಹೋಗಿ, ಬೆನ್ನು ಮಾಡಿ ಕೂಡುತ್ತಿದ್ದಳು. ಯಾವುದು ಖಾಲಿಯಾಯಿತು ಅಂತ ಸಂಜೆ ನೋಡುತ್ತಿದ್ದಳು. ಮೂಲೆಯದು ಮೊದಲು ಖಾಲಿಯಾಯಿತು. ಆಮೇಲೆ ನಡುವಿನದು. ಮಜ್ಜಿಗೆ ರೊಟ್ಟಿಗಿಂತ ಬರೀ ರೊಟ್ಟಿ ಬೇಕಾಗಿದೆ ಎಂಬುದೂ ಗೊತ್ತಾಯಿತು. ಗೋಣಿ ಎರಡು ಹಾಸಿದಳು. ಗೋಡೆಯ ಹತ್ತಿರದ್ದನ್ನು ಅದು ಆರಿಸಿಕೊಂಡಿತು. ಕೈಯನ್ನು ನೆಲದ ಮೇಲೆ ಅಂಗಾತ ಇಟ್ಟು ಕೂಡುತ್ತಿದ್ದಳು. ಬಂದು ಮೂಸಿದರೂ ಮುಟ್ಟುತ್ತಿರಲಿಲ್ಲ. ಅದು ಮತ್ತೆ ಬಂದು ಮೂತಿ ಒತ್ತಿದರೆ ಆಗ ಬೆರಳು ಆಡಿಸುತ್ತಿದ್ದಳು.

ಆದರೆ ಹೊಸ್ತಿಲ ಹತ್ತಿರದ ಬಟ್ಟಲಿಗೆ ಇರುವೆ ಮುತ್ತುತ್ತಿದ್ದವು. ಸೂಜಿ ಆ ಕಡೆ ಹೋಗುತ್ತಿರಲಿಲ್ಲ. ಬಾಗಿಲೇ ಇಲ್ಲದ ಬಾಗಿಲನ್ನು ಅದು ದಾಟಲಿಲ್ಲ.

"ಈ ಹೊಸ್ತಿಲದಾಗ ಏನಾಗೇತಿ ಅಣ್ಣಾ?" ಅಂತ ಒಂದು ದಿನ ಕೇಳಿದಳು. ಅವಳ ದನಿಯಲ್ಲಿ ಸಂಶಯ ಇರಲಿಲ್ಲ. ಕೆಲಸ ಮಾಡುವವರು ಜೊತೆಗಾರನನ್ನು ಕೇಳುವ ಹಾಗೆ ಕೇಳಿದಳು.

"ಹಾವ ಗೀವ ಕಂಡಿರಬೇಕು," ಅಂದೆ.

ರಜೆ ಮುಗಿಯಿತು. ಅದನ್ನು ಮತ್ತೆ ಕೆಲವು ದಿನ ಮುಂದುವರಿಸಿದಳು. ಹಾಸ್ಟೆಲಿನ ಗೆಳತಿ ಅಂಗಡಿಗೆ ಫೋನ್ ಮಾಡಿ, ಸೋಮವಾರದೊಳಗೆ ಬರದಿದ್ದರೆ ಹೆಸರು ಹೊಡೆದು ಹಾಕುತ್ತಾರಂತೆ, ಕಾಯುವವರು ಬಹಳ ಮಂದಿ ಇದ್ದಾರಂತೆ ಅಂತ ತಿಳಿಸಿದಳು. ತಂಗಿ ಅಂದು ಊಟ ಮಾಡಲಿಲ್ಲ. ಅವ್ವನ ಮುಂದೆ, ನನ್ನ ಮುಂದೆ ಅಂದಳು, "ನಾ ಬಿಟ್ಟ ಹೋಗಿದ್ದಕ್ಕ ಇಕಿಗಿ ಹಿಂಗಾತು. ಈಗ ಒಂದೀಟ ಸುಧಾರಿಸಾಕತ್ತಾಳ. ಮತ್ತ ಬಿಟ್ಟು ಹ್ಯಾಂಗ ಹೋಗ್ಲಿ?"

ನಾನು ಎಮ್ಮೆಯ ಹಗ್ಗ ಹಿಡಿದುಕೊಂಡು ನಿಂತಿದ್ದೆ. ನೀ ಹೋಗಿದ್ದಕ್ಕ ಅಲ್ಲ ಅಂತ ಒಂದು ಮಾತು. ಅಷ್ಟೇ ಬೇಕಾಗಿದ್ದು. ಅವ್ವ ನನ್ನ ಕಡೆ ನೋಡಿದಳು. ಎಮ್ಮೆ ಎಳೆಯಿತು, ನಾನು ಅದರ ಹಿಂದೆ ಕೊಟ್ಟಿಗೆಗೆ ಹೋದೆ.

ಹಿತ್ತಲಲ್ಲಿ ಅವ್ವ ನನ್ನನ್ನು ಹಿಡಿದಳು. "ಹೇಳಾಂವ ಇದ್ರ ಇವತ್ತ ಹೇಳು. ಇಲ್ಲಂದ್ರ ಬಾಯಿ ಮುಚ್ಚು. ಹುಡುಗಿ ಮನ್ಯಾಗ ಇದ್ರ ನನಗೇನೂ ಭಾರ ಇಲ್ಲ."

ಆ ಮಾತು ನನಗೆ ನೆರಳು ಸಿಕ್ಕ ಹಾಗಾಯಿತು. ಅವ್ವನಿಗೂ ಅವಳು ಮನೆಯಲ್ಲಿ ಇರುವುದೇ ಬೇಕು, ಮುಚ್ಚಿಟ್ಟವನು ನಾನೊಬ್ಬನೇ ಅಲ್ಲ ಅಂದುಕೊಂಡೆ. ಸೋಮವಾರ ಜಮಖಂಡಿ ಬಸ್ ಬಂತು, ನಿಂತಿತು, ಹೋಯಿತು. ತಂಗಿ ಖೋಲಿಯಲ್ಲಿ ಗೋಣಿ ಝಾಡಿಸುತ್ತಿದ್ದಳು.

ಅದಾದ ಮೇಲೂ ನಾನು ಸುಮ್ಮನೇ ಇದ್ದೆ. ಹೇಳಿದರೆ ಇನ್ನು ಏನು ಉಪಯೋಗ ಅಂತ ನನಗೆ ನಾನೇ ಅಂದುಕೊಳ್ಳುತ್ತಿದ್ದೆ. ಅಂಗಳದ ಬಾಗಿಲಿನ ಮೇಲೆ ಅವ್ವ ಮೆಣಸಿನಕಾಯಿ ಒಣಹಾಕಿದ್ದಳು. ಅದು ಅಲ್ಲಿಂದ ಎದ್ದರೆ ಸಾಕು, ಎಲ್ಲ ತಿಳಿಯುತ್ತದೆ ಎಂದು ನನಗೆ ಗೊತ್ತು. ಯಾರಾದರೂ ಅದರ ಹತ್ತಿರ ಹೋದರೆ ಏನಾದರೂ ಕೆಲಸ ಹೇಳಿ ಆಚೆ ಕಳಿಸುತ್ತಿದ್ದೆ.

ಒಂದು ಮಧ್ಯಾಹ್ನ ಹೊಲದಿಂದ ಬಂದಾಗ ತಂಗಿ ಖೋಲಿಯೊಳಗೆ ಮಾತಾಡುವುದು ಕೇಳಿಸಿತು. ಸೂಜಿಯ ಮುಂಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೊಸದಾಗಿ ಬರುತ್ತಿದ್ದ ಉಗುರಿಗೆ ಎಣ್ಣೆ ಹಚ್ಚುತ್ತಿದ್ದಳು. "ತಪ್ಪಾತವಾ. ನಿನಗ ಹೇಳದ ಹ್ವಾದೆ. ಇನ್ನ ಹೋಗೂದಿಲ್ಲ. ಇಲ್ಲೇ ಇರತೇನಿ, ಆತಿಲ್ಲೋ?" ಅನ್ನುತ್ತಿದ್ದಳು.

ನನ್ನ ತಪ್ಪಿಗೆ ಅವಳು ನಾಯಿಯ ಹತ್ತಿರ ಮಾಫಿ ಕೇಳುತ್ತಿದ್ದಾಳೆ. ನಿಲ್ಲಲು ಆಗಲಿಲ್ಲ. ಅಂಗಳಕ್ಕೆ ಹೋಗಿ ಮೆಣಸಿನಕಾಯಿಯನ್ನು ಚಾದರಿಗೆ ಬಳಿದು ಹಾಕಿದೆ. ಬಾಗಿಲಿನ ಒಂದು ಅಂಚಿಗೆ ಎರಡೂ ಕೈ ಹಾಕಿ ಹೊರಳಿಸಿದೆ. ಸದ್ದು ಕೇಳಿ ಸೂಜಿ ಮೂಲೆ ಸೇರಿತು. ತಂಗಿ ಹೊರಗೆ ಬಂದಳು.

ಅವಳು ಬಾಗಿಲ ಹತ್ತಿರ ಕುಕ್ಕರಗಾಲಿನಲ್ಲಿ ಕೂತಳು. ಗೀರುಗಳ ಮೇಲೆ ಬೆರಳು ಆಡಿಸಿದಳು. ಒಂದು ಕಡೆ ಮರದ ಸೀಳಿನಲ್ಲಿ ಉಗುರಿನ ಚೂರು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು.

"ಎಷ್ಟ ದಿನಾ?"

"ನಾಕು."

"ಅದಕ್ಕ ಮೊದಲ ಉಣ್ಣತಿದ್ಲು?"

"ಉಣ್ಣತಿದ್ಲು."

"ತಿರಗ್ಯಾಡತಿದ್ಲು?"

"ಹೌದು."

ಗಿರಾಕಿಯ ಮುಂದೆ ಹೊಸ್ತಿಲ ಮೇಲೆ ಎಳೆದು ತಂದದ್ದನ್ನೂ ಹೇಳಿದೆ. ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ತಂಗಿ ಅವಳ ಮುಖ ನೋಡಿ, "ನಿನಗೂ ಗೊತ್ತಿತ್ತು," ಅಂದಳು. ಅವ್ವ ಸೆರಗು ಬಾಯಿಗೆ ಹಚ್ಚಿದಳು.

ಅವಳು ಅಳುತ್ತಾಳೆ, ಬೈಯುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಮೆಲ್ಲಗೆ ಅಂದಳು, "ಸೋಮವಾರದೊಳಗ ಹೇಳಿದ್ರ ನಾ ಹೋಗತಿದ್ನೋ, ಇಲ್ಲೇ ಇರತಿದ್ನೋ, ನನಗೂ ಗೊತ್ತಿಲ್ಲ. ಅದನ್ನ ನಾ ತೀರ್ಮಾನಾ ಮಾಡತಿದ್ದೆ. ನನ್ನ ಬದಲಿ ನೀ ಯಾಕ ಮಾಡಿದಿ?"

ನಾನೇ ಜಮಖಂಡಿಗೆ ಹೋಗಿ ಕೇಳಿ ಬರುತ್ತೇನೆ ಅಂದೆ. ಹೋದೆ ಕೂಡ. ಆ ಜಾಗಕ್ಕೆ ಬೇರೆ ಹುಡುಗಿ ಬಂದಾಗಿತ್ತು. ಬರುವ ವರ್ಷ ಅರ್ಜಿ ಹಾಕಲಿ ಅಂದರು. ಬರುವ ವರ್ಷ ಹಾಕಿದಳು, ಸಿಗಲಿಲ್ಲ.

ಬಾಗಿಲು ಹೊರಳಿಸಿದ ಮೂರನೆಯ ದಿನ ಅವಳು ನನ್ನ ಹತ್ತಿರ ಆಡಿದ್ದು ಬರೀ ಕೆಲಸದ ಮಾತು. "ಆ ಹೊಸ್ತಿಲದ ಮ್ಯಾಲೆ ನೀ ಎಳದೀ. ಅದನ್ನ ಆಕಿ ದಾಟೂದಿಲ್ಲ. ಹಿಂದಿನ ಗ್ವಾಡಿ ಒಡಿ. ಸಪ್ಪಳಾ ಮಾಡಬ್ಯಾಡ."

ಮಣ್ಣಿನ ಇಟ್ಟಿಗೆಯ ಗೋಡೆ ಅದು. ಹಾರೆ ಹಾಕಿದರೆ ದಡಾರ್ ಅನ್ನುತ್ತದೆ. ಹೊರಗಿನಿಂದ ಸಂದಿಗಳಿಗೆ ನೀರು ಬಿಟ್ಟು ನೆನೆಸಿ, ಕುರ್ಪಿಯಿಂದ ಕೆರೆಯುತ್ತ ಬಂದೆ. ಮೆತ್ತಗಾದ ಇಟ್ಟಿಗೆಯನ್ನು ಕೈಯಿಂದ ಅಲುಗಾಡಿಸಿ ತೆಗೆದು ಹುಲ್ಲಿನ ಮೇಲೆ ಇಡುವುದು. ಒಂದು ಹೊತ್ತಿಗೆ ಮೂರೋ ನಾಲ್ಕೋ. ಒಳಗೆ ಸೂಜಿ ಎದ್ದು ನಿಂತರೆ ತಂಗಿ ಕೈ ಎತ್ತುತ್ತಿದ್ದಳು, ನಾನು ನಿಲ್ಲಿಸುತ್ತಿದ್ದೆ. ಅದು ಮತ್ತೆ ಮಲಗಿದರೆ ನಾನು ಮತ್ತೆ ಕೆರೆಯುವುದು. ನಾಯಿಯ ಮರ್ಜಿ ನೋಡಿ ನಾನು ಮಾಡಿದ ಮೊದಲ ಕೆಲಸ ಅದು. ಮೊದಲು ಅಂಗೈಯಗಲ ಬೆಳಕು ಒಳಗೆ ಬಿತ್ತು. ಸೂಜಿ ಆ ಬೆಳಕಿನ ಹತ್ತಿರ ಬಂದು ಮಲಗಹತ್ತಿತು. ಆಮೇಲೆ ಮೂತಿ ಹೊರಗೆ ಹಾಕಿತು. ಗೋಡೆಯ ಗಂಡಿ ಮೊಣಕಾಲೆತ್ತರ ಆದ ಮೇಲೆ, ತಂಗಿ ಹೊರಗೆ ಹುಲ್ಲಿನಲ್ಲಿ ಬೆನ್ನು ಮಾಡಿ ಕೂತಿದ್ದಾಗ, ಅದು ಹೊರಗೆ ಬಂದು ಅವಳ ಬೆನ್ನಿಗೆ ಬೆನ್ನು ಹಚ್ಚಿ ಮಲಗಿತು. ನಾನು ಕೊಟ್ಟಿಗೆಯ ಸಂದಿಯಿಂದ ನೋಡಿದೆ. ತಂಗಿ ತಿರುಗಿ ಸಹ ನೋಡಲಿಲ್ಲ. ಭುಜ ಮಾತ್ರ ಅಲುಗುತ್ತಿತ್ತು.

ಕತ್ತಲಿಗೆ ಹಾಕುವುದನ್ನು ನಾನು ಅಲ್ಲಿಗೆ ಬಿಟ್ಟೆ. ನನ್ನ ನಾಯಿಗಳಿಗೆ ಈಗ ಎರಡು ದಾರಿಯ ಗೂಡು. ಉಣ್ಣಿ ತೆಗೆಯುವಾಗ ಎದ್ದು ಹೋದರೆ ಬಿಡುತ್ತೇನೆ. ಓಡಿಸಿ ತೋರಿಸಿ ಅನ್ನುವ ಗಿರಾಕಿಗೆ, ಮನಸ್ಸಿದ್ದರ ಓಡತೈತ್ರಿ ಅನ್ನುತ್ತೇನೆ. ಕೆಲವರು ನಗುತ್ತ ಹೋಗುತ್ತಾರೆ. ಇದನ್ನು ಬರೆದದ್ದು ಹೊಗಳಿಸಿಕೊಳ್ಳಲು ಅಲ್ಲ. ತಂಗಿ ಮಾಡುತ್ತಿದ್ದಾಗಲೇ ಕಲಿಯಬಹುದಿತ್ತು.

ಅವಳು ಈಗ ಬನಹಟ್ಟಿಯಲ್ಲಿ ಇದ್ದಾಳೆ. ಮದುವೆಯಾಗಿ ಹೋದ ಮನೆಯಲ್ಲಿ ಸೀರೆಯ ಮಗ್ಗಗಳು ಇವೆ. ಅವಳು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾಳೆ. ಓಣಿಯಲ್ಲಿ ಯಾರಿಗಾದರೂ ಜ್ವರ ಬಂದರೆ, ಗಾಯ ಆದರೆ ಇವಳನ್ನೇ ಕರೆಯುತ್ತಾರೆ ಅಂತ ಅವಳ ಗಂಡ ಹೇಳುತ್ತಾನೆ. ಒಂದಿಷ್ಟು ದಿನ ಕಲಿತದ್ದಷ್ಟೇ ಅವಳ ಕೈಯಲ್ಲಿ ಉಳಿದಿದೆ. ಸೂಜಿಯೂ ಅಲ್ಲೇ ಇದೆ. ಹೊರಡುವ ದಿನ ಟೆಂಪೋದ ಹಲಗೆ ಇಳಿಸಿ ತಂಗಿ ಬದಿಗೆ ನಿಂತಳು, ಅದು ತಾನೇ ಹತ್ತಿತು.

ನಾನು ಆಗಾಗ ಹೋಗುತ್ತೇನೆ. ಮೊದಮೊದಲು ಒಳಗೆ ಹೋಗಿ ಕೂಡುತ್ತಿದ್ದೆ. ನಾನು ಕಾಲಿಟ್ಟ ಕೂಡಲೇ ಸೂಜಿ ಮಲಗಿದಲ್ಲಿಂದ ಎದ್ದು, ಹಿತ್ತಲ ಬಾಗಿಲಿನಿಂದ ಬಿಸಿಲಿಗೆ ಹೋಗಿ ನಿಲ್ಲುತ್ತಿತ್ತು. ಗುರುಗುಟ್ಟುವುದಿಲ್ಲ, ಅಂಜುವುದಿಲ್ಲ. ಸುಮ್ಮನೆ ಎದ್ದು ಹೋಗುತ್ತದೆ. ತಂಗಿಯ ಗಂಡ ಒಮ್ಮೆ "ಬಾರಲೇ ಸೂಜಿ, ನಿಮ್ಮ ಮಾವ ಬಂದಾನ" ಅಂತ ಕರೆಯಹೋದ. "ಕರೀಬ್ಯಾಡ್ರಿ. ಬರಬೇಕನಸಿದ್ರ ಬರತಾಳ," ಅಂದಳು ತಂಗಿ.

ಈಗ ಅದಕ್ಕೆ ವಯಸ್ಸಾಗಿದೆ, ಏಳುವಾಗ ಹಿಂಗಾಲು ನಡುಗುತ್ತವೆ. ಅದು ಏಳುವುದು ಬೇಡ ಅಂತ ನಾನು ಹೊರಗಿನ ಕಟ್ಟೆಯ ಮೇಲೆಯೇ ಕೂಡುತ್ತೇನೆ. ಒಳಗೆ ಮಗ್ಗ ನಡೆಯುವ ಸದ್ದು ಬರುತ್ತದೆ. ತಂಗಿ ಚಹಾ ತಂದು ಪಕ್ಕದಲ್ಲಿ ಇಡುತ್ತಾಳೆ, ಅವ್ವನ ಆರೋಗ್ಯ ಕೇಳುತ್ತಾಳೆ, ಮಳೆ ಬೆಳೆ ಕೇಳುತ್ತಾಳೆ. ಒಳಗೆ ಬಾ ಅನ್ನುವುದಿಲ್ಲ. ಅದು ಸೂಜಿಯ ಸಲುವಾಗಿಯೋ, ತನ್ನ ಸಲುವಾಗಿಯೋ ಅಂತ ನಾನೂ ಕೇಳುವುದಿಲ್ಲ. ಚಹಾ ಕುಡಿದು ಬಟ್ಟಲನ್ನು ಹೊಸ್ತಿಲ ಒಳಗೆ ಸರಿಸಿಟ್ಟು ಬಸ್ಸಿಗೆ ಹೊರಡುತ್ತೇನೆ.